ಮಾತಾಡುವ ಇಳಕಲ್ ಸೀರೆ: ಹಳೆಯ ಕೀಬೋರ್ಡಿನಿಂದ ಏಳನೇ ತರಗತಿ ಮಾಡಿದ್ದು

ಏನು ಮಾಡಿದೆವು ಅಂತ ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಅಡಿ ಅಗಲದ ಹಳೆಯ ನೋಟಿಸ್ ಬೋರ್ಡಿನ ಮೇಲೆ ಒಂದು ಇಳಕಲ್ ಸೀರೆ ಹರಡಿದೆ. ಸೆರಗು, ದಡಿ, ಒಡಲು ಮೂರೂ ಕಾಣುವ ಹಾಗೆ ಮಡಚಿದ್ದೇವೆ. ಎಂಟು ಕಡೆ ಕಲ್ಲಿನ ಟಿಕಳಿ (ಹಣೆಗೆ ಹಚ್ಚುವ ಸ್ಟಿಕ್ಕರ್ ಬೊಟ್ಟು) ಅಂಟಿಸಿದೆ. ಟಿಕಳಿಯ ಮೇಲೆ ಬೆರಳಿಂದ ಒತ್ತಿದರೆ ಆ ಜಾಗದ ಬಗ್ಗೆ ಒಂದು ಮಗು ಮಾತಾಡುತ್ತದೆ. ಸೆರಗು ಒತ್ತಿದರೆ ಒಬ್ಬಳು, ದಡಿ ಒತ್ತಿದರೆ ಇನ್ನೊಬ್ಬ. ಸೀರೆಯ ಹಿಂದೆ ಇರುವುದು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಪ್ಯಾಕಿಂಗ್ ಫೋಮ್, ಆರು ತಂತಿ, ಕೆಟ್ಟ ಕೀಬೋರ್ಡಿನ ಪುಟ್ಟ ಬೋರ್ಡು. ಅದರಾಚೆ ಒಂದು ಲ್ಯಾಪ್‌ಟಾಪ್, ಅದರಲ್ಲಿ ಸ್ಕ್ರ್ಯಾಚ್ ಎಂಬ ತಂತ್ರಾಂಶ, ಮಕ್ಕಳು ಬ್ಲಾಕು ಜೋಡಿಸಿ ಪ್ರೋಗ್ರಾಂ ಮಾಡುವಂಥದ್ದು.

ನಾನು ಇಳಕಲ್‌ನಲ್ಲಿ ವಿಜ್ಞಾನ, ಗಣಿತ ಹೇಳುವ ಮೇಷ್ಟ್ರು. ನಮ್ಮ ಏಳನೇ ತರಗತಿಯಲ್ಲಿ 31 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಯಲ್ಲಿ ಮಗ್ಗ ಇದೆ, ಇಲ್ಲವೇ ಮೊನ್ನೆ ಮೊನ್ನೆಯವರೆಗೂ ಇತ್ತು. ಆರು ಶನಿವಾರ ಹಿಡಿಯಿತು. ಬೇರೆ ಮೇಷ್ಟ್ರುಗಳು ಮಾಡಲು ಹೊರಟರೆ ನಾವು ಎಡವಿದ ಕಡೆ ಅವರು ಎಡವದಿರಲಿ ಅಂತ ಎಲ್ಲ ಬರೆದಿಡುತ್ತಿದ್ದೇನೆ.

ಮೊದಲ ಶನಿವಾರ: ಬಿಚ್ಚುವುದು

ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ ಯುಎಸ್‌ಬಿ ಕೀಬೋರ್ಡ್ ಒಂದು ಬಿದ್ದಿತ್ತು. ಅರ್ಧ ಕೀಗಳು ಕಿತ್ತುಹೋಗಿದ್ದವು. ಆದರೆ ಲ್ಯಾಪ್‌ಟಾಪಿಗೆ ಚುಚ್ಚಿದರೆ ಅದರ ಹಸಿರು ದೀಪ ಹತ್ತುತ್ತಿತ್ತು. ದೀಪ ಹತ್ತಿತು ಅಂದರೆ ಒಳಗಿನ ಬೋರ್ಡ್ ಬದುಕಿರುವ ಸಾಧ್ಯತೆ ಹೆಚ್ಚು. ನಮಗೆ ಬೇಕಿದ್ದದ್ದು ಅಷ್ಟೇ.

ಬಿಚ್ಚುವ ಕೆಲಸ ಪೂರ್ತಿ ಮಕ್ಕಳದೇ. ಹಿಂದಿನ ಸ್ಕ್ರೂಗಳನ್ನೆಲ್ಲ ತೆಗೆದರೂ ಮುಚ್ಚಳ ಬರಲಿಲ್ಲ. ಕೊನೆಯ ಸ್ಕ್ರೂ ಸ್ಟಿಕ್ಕರಿನ ಕೆಳಗೆ ಅಡಗಿರುತ್ತದೆ, ಉಗುರಿನಿಂದ ಸವರಿದರೆ ತಗ್ಗು ಸಿಗುತ್ತದೆ. ಒಳಗೆ ಮೂರು ಪ್ಲಾಸ್ಟಿಕ್ ಹಾಳೆ. ಮೇಲಿನದರಲ್ಲೂ ಕೆಳಗಿನದರಲ್ಲೂ ಬೆಳ್ಳಿ ಬಣ್ಣದ ಗೆರೆಗಳು, ನಡುವಿನ ಹಾಳೆಯಲ್ಲಿ ಬರೀ ತೂತುಗಳು. ಕೀ ಒತ್ತಿದಾಗ ಮೇಲಿನ ಗೆರೆ ತೂತಿನೊಳಗಿಂದ ಇಳಿದು ಕೆಳಗಿನ ಗೆರೆಯನ್ನು ಮುಟ್ಟುತ್ತದೆ. ಇಷ್ಟೇ ಇದರ ಗುಟ್ಟು. ಮಕ್ಕಳು ಹಾಳೆಗಳನ್ನು ಕಿಟಕಿಗೆ ಹಿಡಿದು ನೋಡಿದರು. ಈ ಮೂರು ಹಾಳೆಗಳೇ ಮುಂದೆ ನಮ್ಮ ಸ್ವಿಚ್ಚಿಗೆ ಮಾದರಿ ಆದವು.

ಒಂದು ಮೂಲೆಯಲ್ಲಿ ಬೆರಳಿನಷ್ಟು ಉದ್ದದ ಬೋರ್ಡ್. ಅದರ ಮೇಲೆ ಕರಿ ಬೊಟ್ಟಿನಂತೆ ಗಟ್ಟಿಯಾದ ಅಂಟು, ಅದರ ಕೆಳಗೆ ಚಿಪ್. ಅಂಚಿನಲ್ಲಿ ಸಾಲಾಗಿ 26 ಕಪ್ಪು ಬಿಂದುಗಳು. ಹಾಳೆಗಳ ಗೆರೆಗಳು ಬಂದು ಒತ್ತಿ ಕೂರುತ್ತಿದ್ದದ್ದು ಈ ಬಿಂದುಗಳ ಮೇಲೆ.

ಎರಡನೇ ಶನಿವಾರ: ಹಾಸು, ಹೊಕ್ಕು

ಈ ದಿನವನ್ನು ನಾನು ಮರೆಯುವುದಿಲ್ಲ.

ಕೀಬೋರ್ಡಿನಲ್ಲಿ ಸಾಮಾನ್ಯವಾಗಿ 104 ಕೀ ಇರುತ್ತವೆ. ಬೋರ್ಡಿನಲ್ಲಿ ಬಿಂದುಗಳು ಮಾತ್ರ 26. ಇದು ಹೇಗೆ ಅಂತ ಕೇಳಿದೆ. ಸಾಲು, ಕಂಬಸಾಲು ಅಂತೆಲ್ಲ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದೆ. ಯಾರಿಗೂ ಹತ್ತಲಿಲ್ಲ. ಸುಮ್ನೆ ತಲೆ ಆಡಿಸಿದರು.

ಮಾತು ಬಿಟ್ಟು ಕೆಲಸಕ್ಕೆ ಇಳಿದೆವು. ಬೋರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸಿ ನೋಟ್‌ಪ್ಯಾಡ್ ತೆರೆದೆವು. ಒಂದು ತಂತಿಯ ಎರಡು ತುದಿ ಸುಲಿದು, ಒಂದು ತುದಿ ಒಂದನೇ ಬಿಂದುವಿಗೆ, ಇನ್ನೊಂದು ತುದಿ ಎರಡನೆಯದಕ್ಕೆ. ಏನೂ ಬರಲಿಲ್ಲ. ಮೂರನೆಯದಕ್ಕೆ, ಇಲ್ಲ. ನಾಲ್ಕನೆಯದಕ್ಕೆ, ಇಲ್ಲ. ಹೀಗೆ ಹೋಗುತ್ತಾ ಹೋಗುತ್ತಾ ಒಂಬತ್ತನೆಯದಕ್ಕೆ ಮುಟ್ಟಿಸಿದಾಗ ಪರದೆಯ ಮೇಲೆ ‘ಜಿ’ ಅಕ್ಷರ ಮೂಡಿತು. ಇಡೀ ತರಗತಿ ಕೂಗಿತು.

ಚೌಕದ ಗಣಿತ ಪುಸ್ತಕ ತಂದರು. ಒಬ್ಬ ಮುಟ್ಟಿಸುವುದು, ಒಬ್ಬಳು ಪರದೆ ನೋಡಿ ಹೇಳುವುದು, ಒಬ್ಬಳು ಬರೆಯುವುದು. ಒಂದು ಸಲ ವಿಂಡೋಸ್ ಕೀ ಸಿಕ್ಕು ಮೆನು ತೆರೆಯಿತು. ಇನ್ನೊಂದು ಸಲ ಲ್ಯಾಪ್‌ಟಾಪೇ ನಿದ್ದೆಗೆ ಹೋಯಿತು, ಅದು ಸ್ಲೀಪ್ ಕೀ. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ಒಂದು ಕ್ರಮ ಕಾಣತೊಡಗಿತು. ಮೊದಲ 8 ಬಿಂದುಗಳು ತಮ್ಮತಮ್ಮಲ್ಲಿ ಎಷ್ಟು ಮುಟ್ಟಿಸಿದರೂ ಅಕ್ಷರ ಬರುವುದಿಲ್ಲ. ಉಳಿದ 18 ಕೂಡ ತಮ್ಮತಮ್ಮಲ್ಲಿ ಏನೂ ಕೊಡುವುದಿಲ್ಲ. ಈ ಗುಂಪಿನ ಒಂದು, ಆ ಗುಂಪಿನ ಒಂದು ಕೂಡಿದಾಗ ಮಾತ್ರ ಅಕ್ಷರ.

ಬರೆಯುತ್ತಿದ್ದ ಹುಡುಗಿ ಪೆನ್ನು ಕೆಳಗಿಟ್ಟು ಹೇಳಿದಳು: "ಸರ್, ಇದು ಹಾಸು-ಹೊಕ್ಕು ಅಲ್ಲೇನ್ರಿ? ಉದ್ದಾನು ಎಳಿ ಹದಿನೆಂಟು, ಅಡ್ಡ ಎಳಿ ಎಂಟು. ಎಳಿ ಎಲ್ಲಿ ಕೂಡತಾವೋ ಅಲ್ಲಿ ಅಕ್ಷರ."

ಅಷ್ಟೇ. ಅರ್ಧ ಗಂಟೆ ನಾನು ಹಲಗೆಯ ಮೇಲೆ ಹೇಳಿದ್ದು ಅವಳ ಒಂದು ಮಾತಿನಲ್ಲಿ ಎಲ್ಲರಿಗೂ ತಿಳಿಯಿತು. ಚಿಪ್ ಏನು ಮಾಡುತ್ತದೆ ಅಂತ ಆಮೇಲೆ ಹೇಳುವುದು ಸಲೀಸಾಯಿತು. ಅದು ಒಂದೊಂದೇ ಅಡ್ಡ ಎಳೆಗೆ ಸಂಕೇತ ಕಳಿಸಿ, ಯಾವ ಉದ್ದ ಎಳೆಯಲ್ಲಿ ಅದು ಹೊರಬರುತ್ತದೆ ಅಂತ ನೋಡುತ್ತಾ ಹೋಗುತ್ತದೆ. ಕೊನೆಯ ಎಳೆ ಮುಗಿದರೆ ಮತ್ತೆ ಮೊದಲಿನಿಂದ. "ಲಾಳಿ ಓಡಿದ್ಹಂಗ" ಅಂದ ಹಿಂದೆ ಕೂತಿದ್ದ ಹುಡುಗ. ಹೌದು, ಲಾಳಿ ಓಡಿದ ಹಾಗೇ.

ಹೀಗಾಗಿ ನಮಗೆ ಎಂಟು ಸ್ವಿಚ್ಚಿಗೆ ಹದಿನಾರು ತಂತಿ ಬೇಕಾಗಲಿಲ್ಲ. ಎರಡು ಅಡ್ಡ, ನಾಲ್ಕು ಉದ್ದ, ಒಟ್ಟು ಆರು ತಂತಿ. ಎರಡು ನಾಲ್ಕಲೇ ಎಂಟು ಕೂಡು. ಹಳೆಯ ಲ್ಯಾನ್ ಕೇಬಲ್ಲಿನಲ್ಲಿ ಎಂಟು ತಂತಿ ಇರುತ್ತವೆ, ಬಣ್ಣ ಬೇರೆ ಬೇರೆ, ಗುರುತಿಗೆ ಅನುಕೂಲ. ಎರಡು ಉಳಿದವು. ಅವು ಆಮೇಲೆ ಕೈ ಹಿಡಿದವು.

ಅವತ್ತು ಕೊನೆಗೆ ಒಂದು ಕಥೆ ಹೇಳಿದೆ. 1804ರ ಸುಮಾರಿಗೆ ಫ್ರಾನ್ಸಿನಲ್ಲಿ ಜಕಾರ್ಡ್ ಎಂಬಾತ ತೂತು ಹೊಡೆದ ರಟ್ಟಿನ ಪಟ್ಟಿಗಳಿಂದ ಮಗ್ಗದ ವಿನ್ಯಾಸ ನಡೆಸುವ ಯಂತ್ರ ಮಾಡಿದ. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಅದೇ ರಟ್ಟಿನ ಉಪಾಯವನ್ನು ತೆಗೆದುಕೊಂಡ. ಕಂಪ್ಯೂಟರಿನ ಬೇರು ಮಗ್ಗದಲ್ಲೂ ಇದೆ ಅಂತ ಗೊತ್ತಾದಾಗ ಮಗ್ಗದ ಮನೆಯ ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡ ರೀತಿ ಇನ್ನೂ ಕಣ್ಣ ಮುಂದಿದೆ.

ಮೂರನೇ ಶನಿವಾರ: ಬೆಸುಗೆ ಹಿಡಿಯಲಿಲ್ಲ

25 ವಾಟಿನ ಬೆಸುಗೆ ಕಡ್ಡಿ, ಸೀಸದ ತಂತಿ. ಬೆಸುಗೆ ನಾನೇ ಹಾಕಿದೆ, ಕಿಟಕಿ ತೆರೆದು, ಮಕ್ಕಳನ್ನು ಒಂದು ಮಾರು ದೂರ ನಿಲ್ಲಿಸಿ. ಸೀಸ ಮುಟ್ಟಿದ ಮೇಲೆ ಕೈ ತೊಳೆಯದೆ ಯಾರೂ ಊಟಕ್ಕೆ ಕೂರುವಂತಿಲ್ಲ.

ಬೆಸುಗೆ ಕರಗುತ್ತಿತ್ತು, ಆದರೆ ಬಿಂದುವಿಗೆ ಹಿಡಿಯುತ್ತಿರಲಿಲ್ಲ. ಗುಂಡಾಗಿ ಉರುಳಿ ಬೀಳುತ್ತಿತ್ತು. ಕಾರಣ, ಆ ಕಪ್ಪು ಬಣ್ಣ ಕಾರ್ಬನ್ ಲೇಪ. ಕಾರ್ಬನ್ನಿಗೆ ಬೆಸುಗೆ ಅಂಟುವುದಿಲ್ಲ. ಬ್ಲೇಡಿನ ತುದಿಯಿಂದ ಹಗುರವಾಗಿ ಕೆರೆದರೆ ಕೆಳಗೆ ತಾಮ್ರ ಹೊಳೆಯುತ್ತದೆ. ಹಗುರವಾಗಿ ಅನ್ನುವುದು ಮುಖ್ಯ. ಐದು ಬಿಂದು ಸರಿಯಾದವು. ಆರನೆಯದರ ಮೇಲೆ ಕಡ್ಡಿಯನ್ನು ಬಹಳ ಹೊತ್ತು ಹಿಡಿದೆ. ತಾಮ್ರದ ಪದರೇ ಎದ್ದು ಬಂತು.

ನನಗೆ ಬೇಜಾರಾಯಿತು. ಆದರೆ ಪಟ್ಟಿ ಬರೆದಿದ್ದ ಹುಡುಗಿ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದಳು: ಆ ಉದ್ದ ಎಳೆ ಹೋದರೆ ಪಕ್ಕದ್ದು ಇದೆಯಲ್ಲ, ಅಕ್ಷರ ಬೇರೆ ಆಗುತ್ತದೆ ಅಷ್ಟೇ. ನಿಜವೇ. ಹದಿನೆಂಟರಲ್ಲಿ ನಾವು ಬಳಸುತ್ತಿದ್ದದ್ದು ನಾಲ್ಕು. ಪಕ್ಕದ ಬಿಂದು ಕೆರೆದು ಬೆಸುಗೆ ಹಾಕಿದೆ. ಹಾಕಿದ ಮೇಲೆ ಪ್ರತಿ ತಂತಿಯ ಬುಡಕ್ಕೆ ಗ್ಲೂ ಗನ್ನಿನ ಅಂಟು ಸುರಿದೆವು. ತಂತಿ ಎಳೆದರೆ ಜಗ್ಗುವುದು ಅಂಟನ್ನೇ ಹೊರತು ಬೆಸುಗೆಯನ್ನಲ್ಲ.

ಅದೇ ದಿನ ಸ್ವಿಚ್ಚುಗಳು. ಒಂದು ಫಾಯಿಲ್ ಚೌಕ ರಟ್ಟಿಗೆ ಅಂಟಿಸುವುದು, ಅದರ ಮೇಲೆ ನಡುವೆ ತೂತಿರುವ ತುಂಡು, ಅದರ ಮೇಲೆ ಇನ್ನೊಂದು ಫಾಯಿಲ್. ಮೊದಲು ನಡುವಿನ ತುಂಡನ್ನು ರಟ್ಟಿನಲ್ಲೇ ಮಾಡಿದ್ದೆವು. ಹೆಬ್ಬೆರಳಿನಿಂದ ಬಲವಾಗಿ ಒತ್ತಬೇಕಾಗುತ್ತಿತ್ತು. ಒಂದನೇ ತರಗತಿಯ ಮಗುವೊಂದನ್ನು ಕರೆದು ಒತ್ತಿಸಿದೆವು, ಆಗಲಿಲ್ಲ. ರಟ್ಟಿನ ಬದಲು ತೆಳು ಪ್ಯಾಕಿಂಗ್ ಫೋಮ್ ಹಾಕಿ, ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿದಾಗ ಸರಿಹೋಯಿತು. ಅಂಟು ಒಣಗುವವರೆಗೆ ಮೇಲೆ ಭಾರ ಬೇಕಲ್ವಾ? ನಮ್ಮೂರಲ್ಲಿ ಅದಕ್ಕೇನು ಕೊರತೆ, ಎಂಟು ಮಕ್ಕಳು ಎಂಟು ಕೆಂಪು ಗ್ರಾನೈಟ್ ತುಂಡು ತಂದರು.

ತಂತಿಯನ್ನು ಫಾಯಿಲಿಗೆ ಸೇರಿಸುವುದು ಇನ್ನೊಂದು ತೊಡಕು. ಅಲ್ಯೂಮಿನಿಯಮ್ಮಿಗೆ ನಮ್ಮ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ. ಅಂಟು ಹಚ್ಚಿದರೆ ಅಂಟೇ ನಡುವೆ ತಡೆಯಾಗುತ್ತದೆ. ಬರೀ ಟೇಪ್ ಹಚ್ಚಿದರೆ ಎರಡು ದಿನಕ್ಕೆ ಸಡಿಲ. ಇದಕ್ಕೆ ದಾರಿ ಕಂಡುಹಿಡಿದದ್ದು ಕಸೂತಿ ಬರುವ ಇಬ್ಬರು ಹುಡುಗಿಯರು. ಫಾಯಿಲಿನ ಬೆನ್ನಿಗೆ ಟೇಪ್ ಹಚ್ಚಿ ಗಟ್ಟಿ ಮಾಡಿದರು. ಸೂಜಿಯಿಂದ ಸಾಲಾಗಿ ಆರು ತೂತು. ಸುಲಿದ ತಂತಿಯನ್ನು ಒಂದು ತೂತಿನಲ್ಲಿ ಮೇಲೆ, ಮುಂದಿನದರಲ್ಲಿ ಕೆಳಗೆ, ಮತ್ತೆ ಮೇಲೆ, ನೇಯ್ಗಿ ಹೊಲಿಗೆಯ ಹಾಗೆ ಹಾಯಿಸಿ, ಕೊನೆಯಲ್ಲಿ ಮಡಚಿ ಉಗುರಿನಿಂದ ಒತ್ತಿದರು. ಮೇಲೆ ಸ್ಟೇಪ್ಲರ್ ಪಿನ್ ಎರಡು. ಆ ಹದಿನಾರು ಜೋಡಣೆಗಳಲ್ಲಿ ಇವತ್ತಿನವರೆಗೆ ಒಂದೂ ಕೈಕೊಟ್ಟಿಲ್ಲ.

ಸೀರೆ ಬಂದದ್ದು

ಸೀರೆ ಕೊಟ್ಟದ್ದು ಒಬ್ಬ ವಿದ್ಯಾರ್ಥಿನಿಯ ಅಜ್ಜಿ. ಒಂಬತ್ತು ಗಜದ್ದು, ಅವರೇ ಉಟ್ಟು ಉಟ್ಟು ಮೆತ್ತಗಾಗಿದ್ದು. ಒಂದೇ ಮಾತು ಹಾಕಿದರು: ಕತ್ತರಿ ತಾಗಬಾರದು, ಸೂಜಿ ತಾಗಬಾರದು. ಹಾಗಾಗಿ ಸ್ವಿಚ್ಚೆಲ್ಲ ನೋಟಿಸ್ ಬೋರ್ಡಿನ ಮೇಲೆ, ಸೀರೆ ಅದರ ಮೇಲೆ ಹೊದಿಕೆಯಂತೆ, ಸುತ್ತ ಬಟ್ಟೆ ಕ್ಲಿಪ್. ಪಿನ್ ಒಂದೂ ಇಲ್ಲ. ಒತ್ತುವ ಜಾಗ ತಿಳಿಯಲು ಟಿಕಳಿ ಅಂಟಿಸೋಣ ಅಂದದ್ದು ಅದೇ ಅಜ್ಜಿಯ ಮೊಮ್ಮಗಳು.

ನಾಲ್ಕನೇ ಶನಿವಾರ: ನನ್ನ ತಪ್ಪು

ಎಂಟು ಜಾಗಕ್ಕೆ ಎಂಟು ಮಾತು ಬೇಕು. ಅವನ್ನು ನಾನೇ ಬರೆದುಕೊಟ್ಟೆ. "ಇಳಕಲ್ ಸೀರೆಯು ತನ್ನ ವಿಶಿಷ್ಟ ಸೆರಗಿನ ವಿನ್ಯಾಸಕ್ಕೆ ಹೆಸರುವಾಸಿಯಾಗಿದೆ" ಅನ್ನುವಂಥ ವಾಕ್ಯಗಳು. ಮಕ್ಕಳು ತಪ್ಪಿಲ್ಲದೆ ಓದಿದರು. ರೆಕಾರ್ಡ್ ಆಯಿತು. ಸೀರೆ ನೋಡಲು ಬಂದ ಅಜ್ಜಿಗೆ ಸೆರಗು ಒತ್ತಿ ಕೇಳಿಸಿದೆವು. ಅವರು ಪೂರ್ತಿ ಕೇಳಿ, ನನ್ನ ಕಡೆ ತಿರುಗಿ ಹೇಳಿದರು: "ಇದು ನಿಮ್ಮ ಪುಸ್ತಕದ ಮಾತಾತ್ರಿ ಮಾಸ್ತರ್ರ. ನಮ್ಮ ಹುಡುಗಿ ಮನ್ಯಾಗ ಹಿಂಗ ಮಾತಾಡಂಗಿಲ್ಲ."

ಅವರು ಹೇಳಿದ್ದು ಸರಿ ಇತ್ತು. ಕೀಬೋರ್ಡ್ ಬಿಚ್ಚುವಾಗ, ಪಟ್ಟಿ ಬರೆಯುವಾಗ, ತಂತಿ ಹೊಲಿಯುವಾಗ ಇಡೀ ಕೆಲಸ ಮಕ್ಕಳದಾಗಿತ್ತು. ಮಾತಿಗೆ ಬಂದಾಗ ನಾನು ಅದನ್ನು ಕಸಿದುಕೊಂಡಿದ್ದೆ. ಎಂಟೂ ರೆಕಾರ್ಡಿಂಗ್ ಅಳಿಸಿದೆ. ಮನೆಗೆ ಹೋಗಿ ಕೇಳಿ ಬನ್ನಿ, ನೋಡಿ ಬನ್ನಿ, ನಿಮ್ಮ ಮಾತಲ್ಲೇ ಹೇಳಿ ಅಂದೆ.

ಒಂದು ವಾರದಲ್ಲಿ ಅವರು ತಂದದ್ದನ್ನು ಕೇಳಬೇಕು. ತೋಪ ತೆನಿ ಸೆರಗಿನಲ್ಲಿ ಕೆಂಪು ಪಟ್ಟಿ ಮೂರು, ನಡುವೆ ಬಿಳಿ ಪಟ್ಟಿ ಎರಡು ಅಂತ ಒಬ್ಬ ಎಣಿಸಿಕೊಂಡು ಬಂದ. ತೆನಿ ಅಂದರೆ ಜೋಳದ ತೆನೆ. ಬಾಚಣಿಗೆಯ ಹಲ್ಲಿನಂತೆ ಕಾಣುವುದು ಹಣಿಗಿ, ಕೋಟೆ ಗೋಡೆಯ ಮೇಲಂಚಿನಂತೆ ಇರುವುದು ಕೋಟಿ ಕಮ್ಮಲಿ ಅಂತ ಇನ್ನಿಬ್ಬರು. ದಡಿಯಲ್ಲಿ ಗೋಮಿ ಯಾವುದು, ಚಿಕ್ಕಿ ಯಾವುದು ಅಂತ ಗುರುತು ಹೇಳಲು ಒಬ್ಬಳು. ಕೊಂಡಿಯ ಜಾಗಕ್ಕೆ ಮಾತಾಡಿದ ಹುಡುಗಿಯದನ್ನು ಇಲ್ಲಿ ಹಾಗೇ ಕೊಡುತ್ತೇನೆ:

"ನಮ್ಮವ್ವ ಕೊಂಡಿ ಹಾಕ್ತಾಳ್ರಿ. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಂದರಾಗ ಒಂದು ಎಳಿ ಸಿಗಿಸಿ ಸಿಗಿಸಿ ಕೂಡಸ್ತಾಳ. ಒಂದೊಂದು ಸೀರಿಗೂ ಹಂಗ ಮಾಡಬೇಕ್ರಿ. ಆಗ ಯಾರೂ ಆಕಿನ್ನ ಮಾತಾಡಸಬಾರದು. ನಾನೂ ಮಾತಾಡಸಂಗಿಲ್ಲ."

ಇಳಕಲ್ ಸೀರೆಯ ವಿಶೇಷವೇ ಈ ಕೊಂಡಿ. ನಾನು ಬರೆದಿದ್ದ ವಾಕ್ಯದಲ್ಲಿ ಅದರ ಹೆಸರಿತ್ತು. ಅವ್ವ ಮೌನವಾಗಿ ಕೂತಿರುವುದು ಇರಲಿಲ್ಲ.

ಎಂಟನೇ ಜಾಗಕ್ಕೆ ಮಾತೇ ಇಲ್ಲ. ಕುಣಿ ಮಗ್ಗದ ಸದ್ದು ಮಾತ್ರ. ಆ ರೆಕಾರ್ಡಿಂಗಿನಲ್ಲಿ ಹಿನ್ನೆಲೆಯಲ್ಲಿ ಒಂದು ಕೋಳಿ ಕೂಗುತ್ತದೆ. ಅದನ್ನು ತೆಗೆಯುವುದು ಬೇಡ ಅಂತ ಎಲ್ಲರೂ ಕೂಡಿ ತೀರ್ಮಾನಿಸಿದೆವು.

ಉಳಿದ ಏಳನ್ನು ರೆಕಾರ್ಡ್ ಮಾಡಿದ ಜಾಗ ನಮ್ಮ ಬಿಸಿಯೂಟದ ಉಗ್ರಾಣ. ತರಗತಿ ಕೋಣೆಯಲ್ಲಿ ಗೋಡೆಗೆ ತಾಗಿ ದನಿ ಗುಂಯ್ ಅನ್ನುತ್ತಿತ್ತು, ಜೊತೆಗೆ ಫ್ಯಾನಿನ ಸದ್ದು. ಉಗ್ರಾಣದಲ್ಲಿ ಸುತ್ತ ಅಕ್ಕಿ ಮೂಟೆ. ಮೂಟೆಗಳು ಸದ್ದನ್ನು ಹೀರಿಕೊಳ್ಳುತ್ತವೆ, ಪ್ರತಿಧ್ವನಿ ಇಲ್ಲ. ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿದರೆ ಉಸಿರು ಬಡಿಯುವುದಿಲ್ಲ. ಅಷ್ಟು ಸ್ವಚ್ಛ ದನಿ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಐದನೇ ಶನಿವಾರ: ಸ್ಕ್ರ್ಯಾಚ್

ಸ್ಕ್ರ್ಯಾಚ್ ಅನ್ನು ಅಮೆರಿಕದ ಎಂಐಟಿಯವರು ಮಕ್ಕಳಿಗಾಗಿ ಮಾಡಿ 2007ರಲ್ಲಿ ಎಲ್ಲರಿಗೂ ತೆರೆದಿಟ್ಟರು. ದುಡ್ಡು ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮಂಥ ಶಾಲೆಗೆ ಇದು ಬಹಳ ದೊಡ್ಡ ಮಾತು. ಮಕ್ಕಳು ಬ್ಲಾಕುಗಳನ್ನು ಬಣ್ಣದಿಂದಲೇ ಗುರುತು ಹಿಡಿದರು. ಹಳದಿ ಬಣ್ಣದ್ದು ‘ಯಾವಾಗ’, ಗುಲಾಬಿ ಬಣ್ಣದ್ದು ‘ಸದ್ದು’. ಹಳದಿಯ ಕೆಳಗೆ ಗುಲಾಬಿ ಸಿಗಿಸಿ, ಇಂಥ ಅಕ್ಷರ ಬಿದ್ದಾಗ ಇಂಥ ಮಾತು ಅಂತ ಹೇಳಿದರೆ ಕೆಲಸ ಆಯಿತು.

ಆದರೂ ನಾಲ್ಕು ತೊಂದರೆ ಬಂದವು.

ಫೋನಿನ ರೆಕಾರ್ಡಿಂಗುಗಳನ್ನು ಸ್ಕ್ರ್ಯಾಚ್ ತೆಗೆದುಕೊಳ್ಳಲಿಲ್ಲ. ಫೋನ್ ಅವನ್ನು ಎಂ4ಎ ಎಂಬ ಬಗೆಯಲ್ಲಿ ಉಳಿಸಿತ್ತು. ಸ್ಕ್ರ್ಯಾಚಿಗೆ ಬೇಕಾದದ್ದು ವೇವ್ ಅಥವಾ ಎಂಪಿ3. ಎಂ4ಎಯಿಂದ ಎಂಪಿ3ಗೆ ಬದಲಿಸಿ ಹಾಕಿದೆವು. ನೀವು ರೆಕಾರ್ಡ್ ಮಾಡುವ ಮೊದಲೇ ಆಪಿನ ಸೆಟ್ಟಿಂಗಿನಲ್ಲಿ ವೇವ್ ಆರಿಸಿಟ್ಟರೆ ಈ ಗೋಜು ಇಲ್ಲ.

ಎರಡನೆಯದು ಸೋಜಿಗದ್ದು. ಟಿಕಳಿಯನ್ನು ಒತ್ತಿ ಹಿಡಿದರೆ "ನಮ್ಮ ನಮ್ಮ ನಮ್ಮ ನಮ್ಮ" ಅಂತ ಮೊದಲ ಪದವೇ ಬರುತ್ತಿತ್ತು. ಸ್ವಿಚ್ ಸಡಿಲ ಇರಬೇಕು ಅಂತ ಅರ್ಧ ಗಂಟೆ ಫಾಯಿಲ್ ಬಿಚ್ಚಿ ನೋಡಿದೆವು. ಸ್ವಿಚ್ ಸರಿಯಾಗಿತ್ತು. ಕೀ ಒತ್ತಿ ಹಿಡಿದರೆ ಕಂಪ್ಯೂಟರಿನಲ್ಲಿ ಅದೇ ಅಕ್ಷರ ಮತ್ತೆ ಮತ್ತೆ ಬೀಳುತ್ತದಲ್ಲ, ಇದೂ ಅದೇ. ನಾವು ಹಾಕಿದ್ದು ‘ಸ್ಟಾರ್ಟ್ ಸೌಂಡ್’ ಬ್ಲಾಕ್. ಅದು ಸದ್ದು ಶುರು ಮಾಡಿ ಆ ಕ್ಷಣಕ್ಕೇ ತನ್ನ ಕೆಲಸ ಮುಗಿಸುತ್ತದೆ, ಮುಂದಿನ ಅಕ್ಷರ ಬಿದ್ದಾಗ ಮತ್ತೆ ಮೊದಲಿನಿಂದ ಶುರು. ಬದಲಿಗೆ ‘ಪ್ಲೇ ಸೌಂಡ್ ಅಂಟಿಲ್ ಡನ್’ ಹಾಕಿದರೆ ಮಾತು ಮುಗಿಯುವವರೆಗೆ ಅದೇ ಕೀಯ ಹೊಸ ಒತ್ತನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಒಂದು ಸರಿಯಾಗಿ ಇನ್ನೊಂದು ಬಂತು. ಸೆರಗು ಮಾತಾಡುತ್ತಿರುವಾಗ ದಡಿ ಒತ್ತಿದರೆ ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ಪ್ರತಿ ಮಾತಿನ ಮೊದಲು ‘ಸ್ಟಾಪ್ ಆಲ್ ಸೌಂಡ್ಸ್’ ಸೇರಿಸಿದೆವು. ಈಗ ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ಸುಮ್ಮನಾಗುತ್ತಾರೆ.

ನಾಲ್ಕನೆಯದು, ಇದ್ದಕ್ಕಿದ್ದಂತೆ ಎಂಟೂ ಬಂದ್. ತಂತಿ, ಬೆಸುಗೆ ಎಲ್ಲ ನೋಡಿದ್ದಾಯಿತು. ಯಾರೋ ಕನ್ನಡ ಟೈಪಿಂಗ್ ಚಾಲೂ ಇಟ್ಟು ಹೋಗಿದ್ದರು, ಅಷ್ಟೇ. ಇಂಗ್ಲಿಷಿಗೆ ಬದಲಿಸಿದ ಕೂಡಲೇ ಎಲ್ಲ ಜೀವ ಬಂತು. ಸ್ಕ್ರ್ಯಾಚ್ ಕಾಯುತ್ತಿರುವುದು ‘ಜಿ’ಗೆ, ಬರುತ್ತಿದ್ದದ್ದು ಬೇರೆ ಅಕ್ಷರ.

ಆರನೇ ಶನಿವಾರ: ಪಾಲಕರು ಬಂದರು

ಬೋರ್ಡನ್ನು ಕೋಣೆಯಿಂದ ಅಂಗಳಕ್ಕೆ ಹೊತ್ತು ತರುವಾಗ ಎರಡು ಜಾಗ ಮೂಕಾದವು. ನಮ್ಮ ಲ್ಯಾನ್ ಕೇಬಲ್ಲಿನೊಳಗಿನ ತಂತಿ ಒಂಟಿ ಎಳೆಯದ್ದು, ನಾಲ್ಕು ಸಲ ಬಗ್ಗಿದರೆ ಒಳಗೇ ಮುರಿಯುತ್ತದೆ. ಮುರಿದದ್ದು ಒಂದೇ ತಂತಿ, ಉದ್ದ ಎಳೆಗಳಲ್ಲಿ ಒಂದು. ಅದರ ಮೇಲೆ ಎರಡು ಕೂಡು ಇದ್ದವು, ಹಾಗಾಗಿ ಎರಡು ಜಾಗ. ಇದನ್ನು ನಾನು ಹೇಳುವ ಮೊದಲೇ ಪಟ್ಟಿ ನೋಡಿ ಮಕ್ಕಳು ಹೇಳಿದರು. ಉಳಿದಿದ್ದ ಎರಡು ತಂತಿಯಲ್ಲಿ ಒಂದನ್ನು ಜೋಡಿಸಿ, ಹತ್ತು ನಿಮಿಷಕ್ಕೆ ಸರಿ ಮಾಡಿದೆವು. ನೀವು ಮಾಡುವಾಗ ಅಲ್ಲಾಡುವ ಕಡೆಗೆಲ್ಲ ಹಲವು ಎಳೆಯ ಮೆತ್ತನೆ ವೈರ್ ಹಾಕಿ. ಕೇಬಲ್ಲನ್ನು ಬೋರ್ಡಿನ ಚೌಕಟ್ಟಿಗೆ ಗಟ್ಟಿಯಾಗಿ ಕಟ್ಟಿ.

ಜನ ಮುಗಿಬಿದ್ದಾಗ ಇನ್ನೊಂದು ಕಂಡಿತು. ಮೂರು ನಾಲ್ಕು ಕೈ ಒಟ್ಟಿಗೆ ಒತ್ತಿದರೆ ಕೆಲವು ಜಾಗ ಮಾತಾಡುವುದಿಲ್ಲ. ಒಂದು ಚೌಕದ ಮೂರು ಮೂಲೆ ಕೂಡಿದರೆ ನಾಲ್ಕನೆಯದೂ ಕೂಡಿದಂತೆಯೇ ಚಿಪ್‌ಗೆ ಕಾಣುತ್ತದೆ. ಯಾವುದು ನಿಜ ಅಂತ ಅದಕ್ಕೆ ತಿಳಿಯುವುದಿಲ್ಲ, ಅದಕ್ಕೇ ಸುಮ್ಮನಿರುತ್ತದೆ. ಪ್ರತಿ ಸ್ವಿಚ್ಚಿಗೆ ಒಂದು ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಬಿಡಿಭಾಗ) ಹಾಕಿದರೆ, ಮೂರು ಮೂಲೆ ಒತ್ತಿದಾಗ ನಾಲ್ಕನೆಯದೂ ಕೂಡಿದಂತೆ ಕಾಣುವ ಈ ಗೊಂದಲ ಇರುವುದಿಲ್ಲ. ನಾವು ಸಾಲಿನಲ್ಲಿ ನಿಲ್ಲಿಸಿದೆವು.

ಕೊಂಡಿ ಹಾಕುವ ಆ ತಾಯಿ ಬಂದಿದ್ದರು. ಮಗಳು ಅವರ ಬೆರಳು ಹಿಡಿದು ಟಿಕಳಿಯ ಮೇಲಿಟ್ಟಳು. ಮಾತು ಮುಗಿದ ಮೇಲೆ ಅವರು ಇನ್ನೊಮ್ಮೆ ತಾವೇ ಒತ್ತಿದರು. ನಂತರ ಹಿಂದೆ ಹೋಗಿ ಬೋರ್ಡಿನ ಬೆನ್ನು ನೋಡಿದರು, ಆರು ತಂತಿಗಳನ್ನು ಬೆರಳಿಂದ ಹಿಂಬಾಲಿಸುತ್ತಾ. "ಎಷ್ಟು ಎಳಿಯವ್ವ ಇವು?" ಅಂತ ಕೇಳಿದರು. ಮಗಳು ಅಡ್ಡ ಎರಡು, ಉದ್ದ ನಾಲ್ಕು ಅಂದಳು. ಅವರು ತಲೆ ಆಡಿಸಿದರು, ತಿಳಿದವರು ಆಡಿಸುವ ಹಾಗೆ.

ಈಗ

ಸೀರೆ ಅಜ್ಜಿಗೆ ಮರಳಿ ಕೊಟ್ಟಿದ್ದೇವೆ. ಟಿಕಳಿಯ ಅಂಟು ಎರಡು ಕಡೆ ಉಳಿದಿತ್ತು, ಅಜ್ಜಿಯೇ ತೆಗೆದುಕೊಳ್ಳುತ್ತೇನೆ ಅಂದರು. ಬೋರ್ಡ್ ಹಾಗೇ ಇದೆ. ಫೋಮ್ ಸ್ವಲ್ಪ ಚಪ್ಪಟೆಯಾಗಿ ಆರನೇ ಸ್ವಿಚ್ ತಾನಾಗಿ ಕೂಡುತ್ತಿದೆ, ಅದನ್ನು ಬದಲಿಸಬೇಕು. ಆರನೇ ತರಗತಿಯವರು ಗುಳೇದಗುಡ್ಡದ ಖಣ ಮಾತಾಡಿಸುತ್ತೇವೆ ಅಂತ ಹಠ ಹಿಡಿದಿದ್ದಾರೆ. ಅವರಿಗಾಗಿ ಇನ್ನೊಂದು ಕೀಬೋರ್ಡ್ ಇವತ್ತು ಬಿಚ್ಚಿದೆವು. ಇದರಲ್ಲಿ ಬಿಂದುಗಳು 24. ಏಳನೇ ತರಗತಿಯ ಆ ಹುಡುಗಿ ಚೌಕದ ಪುಸ್ತಕ ತೆಗೆದು ಅವರಿಗೆ ಗೆರೆ ಹಾಕಿಕೊಡುತ್ತಿದ್ದಾಳೆ.